ಆತಿಕಾ ಬಿಡಿಸಿದ ಮದುವೆಗಳು
ಆಲೂರಿನ ಫೋಟೋ ಸ್ಟುಡಿಯೋದ ಆತಿಕಾ ಒಂದು ಕೆಲಸವನ್ನು ಎರಡನೇ ಸಲ ಕೈಯಾರೆ ಮಾಡುವವಳಲ್ಲ. ಒಂದು ಮದುವೆಯ ಫೋಟೋಗಳಿಗೆ ಹೆಸರಿಟ್ಟು, ಶಾಸ್ತ್ರಕ್ಕೊಂದು ಫೋಲ್ಡರ್ ಮಾಡಿದಳೆಂದರೆ ಕಂಪ್ಯೂಟರಿನ ಹಿಸ್ಟರಿಯಲ್ಲಿ, ಅಂದರೆ ಮಾಡಿದ ಕೆಲಸಗಳ ಪಟ್ಟಿಯಲ್ಲಿ, ಆ ಕೆಲಸ ಒಂದು ಸಾಲಾಗಿ ಉಳಿಯುತ್ತದೆ. ಮುಂದಿನ ಮದುವೆಗೆ ಅದೇ ಸಾಲನ್ನು ಒತ್ತುತ್ತಾಳೆ, ಚಹಾ ಆರುವಷ್ಟರಲ್ಲಿ ಸಾವಿರಾರು ಫೋಟೋ ತಂತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಸುತ್ತಲಿನ ಮದುವೆಗಳೆಲ್ಲ ಅವಳ ಬೆರಳ ತುದಿಯಲ್ಲೇ ನಡೆಯುತ್ತವೆ ಎಂದು ಊರವರು ನಗುತ್ತಾರೆ. ಏನೇ ಕೆಟ್ಟರೂ ಅವಳದು ಒಂದೇ ಮಾತು: "ಗಾಬ್ರಿ ಆಗ್ಬೇಡಿ, ಮಾಡಿದ್ದೆಲ್ಲ ಒಳಗೇ ಐತೆ." ಮೊನ್ನೆ ಕೆ. ಹೊಸಕೋಟೆಯ ಚಂದ್ರಿಕಾ ತನ್ನ ಮದುವೆ ಆಲ್ಬಮ್ಮಿಗೆ ಫೋಟೋ ಆರಿಸಲು ಬಂದು ಕೂತಳು. ಪರದೆಯ ಮೇಲೆ ಧಾರೆಯ ನಡುವೆ ಬೇರೆ ಯಾರೋ ಮದುಮಗ ಬಂದು ನಿಂತ. "ಅಯ್ಯೋ, ಇವ್ನ್ಯಾರು ಕಣ್ರೀ?" ಎಂದಳು. ಕ್ಯಾಮೆರಾ ಹಿಡಿಯುವ ಸುನಿಲ್‌ಕುಮಾರ ಪರದೆಯತ್ತ ಬಗ್ಗಿದ. "ಅಕ್ಕಾ, ಹಾನುಬಾಳಿನ ಮದುವೆನೂ ಇದ್ರೊಳಗೇ ಸುರಿದು ಹೆಸರೆಲ್ಲ ಬದಲಾಯಿಸ್ಬುಟ್ಟೆ." ಆತಿಕಾ ಹಿಸ್ಟರಿ ತೆರೆದು ಅವನು ಮಾಡಿದ್ದನ್ನು ಒಂದೊಂದಾಗಿ ರದ್ದು ಮಾಡಿದಳು. ಎರಡೂ ಮದುವೆ ಬೇರೆಬೇರೆಯಾದವು. ಆಮೇಲೆ ತನ್ನ ಹಳೆಯ ಸಾಲನ್ನು ಒತ್ತಿದಳು. ಧಾರೆಯ ಫೋಟೋದಲ್ಲಿ ಚಂದ್ರಿಕಾ ತನ್ನ ಗಂಡನ ಪಕ್ಕದಲ್ಲೇ ನಿಂತು ಪರದೆ ತುಂಬ ನಕ್ಕಳು. "ಬಂತು!" ಎಂದು ಸುನಿಲ್ ಚಪ್ಪಾಳೆಯನ್ನೇ ತಟ್ಟಿಬಿಟ್ಟ. ಚಂದ್ರಿಕಾ ಫೋಟೋ ಆರಿಸುವುದರಲ್ಲಿ ಮುಳುಗಿದ್ದಾಗ ಆತಿಕಾ ಸದ್ದಿಲ್ಲದೆ ಇನ್ನೊಂದು ಕೆಲಸ ಮಾಡಿದಳು: ಅವನ ತಪ್ಪಿನ ಸಾಲುಗಳನ್ನು ಹಿಸ್ಟರಿಯಿಂದಲೇ ಅಳಿಸಿಹಾಕಿದಳು. "ಅದ್ಯಾಕಕ್ಕಾ?" ಎಂದ ಸುನಿಲ್. "ನಾಳೆ ನೀನೇ ಈ ಹಿಸ್ಟರಿ ತೆರೆದು ಕೂತ್ಕೊಂಡಾಗ," ಎಂದಳು ಆತಿಕಾ, "ನೀನು ಮಾಡಿದ್ ಒಳ್ಳೆ ಕೆಲಸವೇ ಕಾಣ್ಲಿ ಕಣೋ."