ಪಂಕ್ತಿಯಿಂದ ಎದ್ದ ಅಳಿಯ

ನನ್ನ ಹೆಸರು ರಾಮಲಿಂಗ. ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸಗಾರ, ಮನೆಯಲ್ಲಿ ಗಂಡ, ಖಾನಾಪುರದಲ್ಲಿ ಹಿರಿ ಅಳಿಯ. ಈ ಮೂರೂ ಹುದ್ದೆಗಳ ಮೇಲೆ ಅಧಿಕಾರ ನಡೆಸುವುದು ನನ್ನ ದೊಡ್ಡ ಕರುಳು. ಅದು ಕರೆದರೆ ಸಾಕು, ಎದುರಿಗೆ ಸಾಹೇಬರಿರಲಿ ಮಾವನವರಿರಲಿ, ಮಾತು ಅರ್ಧಕ್ಕೇ ಬಿಟ್ಟು ಓಡಬೇಕು.

ಮೊದಲು ಸಂಡಾಸಿನಲ್ಲಿ ರಕ್ತ ಕಂಡಾಗ ಭಟ್ಟಿಯ ಉಷ್ಣ ಎಂದುಕೊಂಡೆ. ಕಾದ ಕಬ್ಬಿಣದ ಮುಂದೆ ನಿಲ್ಲುವ ನಾವು ಹಲ್ಲುನೋವಿಗೂ ಭಟ್ಟಿಯನ್ನೇ ಬೈಯುವವರು. ತಂಪಿಗೆಂದು ಸಬ್ಜಾ ಬೀಜ ನೆನೆಸಿ ಕುಡಿದೆ, ಹೊಟ್ಟೆಗೆ ಹಸಿ ಬಟ್ಟೆ ಕಟ್ಟಿಕೊಂಡು ಮಲಗಿದೆ. ಏನೂ ತಣ್ಣಗಾಗಲಿಲ್ಲ. ಕಡೆಗೆ ಹೆಂಡತಿ ಪ್ರಮಿಳಾ ಸದಾಶಿವನಗರದ ಡಾಕ್ಟರರ ಬಳಿ ಎಳೆದೊಯ್ದಳು. ಅವರು ದುರ್ಬೀನು ಹಾಕಿ ನೋಡಿದರು. ಎಲ್ಲಿಂದ ಹಾಕಿದರು ಎಂದು ಮಾತ್ರ ಕೇಳಬೇಡಿ.

"ಇದು ಉಷ್ಣಾ ಅಲ್ಲ, ಮೂಲವ್ಯಾಧಿನೂ ಅಲ್ಲ. ಕರುಳಿಗೆ ಉರಿಯೂತ ಆಗಿ ಹುಣ್ಣ ಆಗ್ಯಾವ. ಪೂರಾ ಹೋಗೂದಿಲ್ಲ, ಆದ್ರ ಗುಳಿಗಿ ತಪ್ಪಿಸದಿದ್ರ ಹಿಡಿತದಾಗ ಇರತೈತಿ," ಎಂದರು. ಮೊದಲಿಗೆ ಕೊಟ್ಟ ಸ್ಟೆರಾಯ್ಡಿನಿಂದ ನನ್ನ ಮುಖ ಊದಿ ಕಡಬಿನಂತಾಯಿತು. "ಅಳಿಯಂದ್ರು ಈಗ ಮೈ ಹಿಡದಾರ," ಎಂದು ಮಾವ ಭರಮಪ್ಪನವರು ಖುಷಿಪಟ್ಟರು. ನಾನೂ ಹೌದೆಂದು ಮೀಸೆ ತಿರುವಿದೆ. ಪ್ರಮಿಳಾಳನ್ನು ಬಿಟ್ಟರೆ ಎಲ್ಲರಿಗೂ, ಮಗಳು ಕಾಂತಾಳಿಗೂ, ನನ್ನದು ಉಷ್ಣದ ಮೈ ಎಂದೇ ಹೇಳಿಕೊಂಡು ಬಂದೆ.

ಈ ವರ್ಷ ಮಾವನವರ ಹೊಸ ಮನೆಯ ವಾಸ್ತುಶಾಂತಿ. ಖಾನಾಪುರದ ಬಸ್ಸಿನಲ್ಲಿ ಬಾಗಿಲ ಬಾಜುವಿನ ಸೀಟು ಎಂದಿಗೂ ನನ್ನದು. ಅಂದು ಎಂಟನೇ ಇಯತ್ತೆ ಓದುವ ಕಾಂತಾ ನನಗಿಂತ ಮೊದಲೇ ಅಲ್ಲಿ ಕೂತಿದ್ದಳು. ಬೆಳಿಗ್ಗೆ ಚಹಾ ಕೂಡ ಕುಡಿದಿರಲಿಲ್ಲ. ಮನೆ ಮುಟ್ಟಿದವಳೇ ದೇವರ ಕೋಣೆ ಬಿಟ್ಟು ಸಂಡಾಸು ಎಲ್ಲಿದೆ ಎಂದು ನೋಡಿಕೊಂಡಳು. ಎಲಾ ಇವಳ! ಇವೆಲ್ಲ ನನ್ನ ಕಸುಬುಗಳು. ಅವಳ ಹಬ್ಬದ ಡ್ರೆಸ್ಸು ಮೈಮೇಲೆ ಜೋಲಾಡುತ್ತಿದ್ದುದು ಆಗ ಕಂಡಿತು.

ಊಟಕ್ಕೆ ಕೂತೆವು. ನಮ್ಮಲ್ಲಿ ಪಂಕ್ತಿಗೆ ಕೂತವರು ಎಲ್ಲರದೂ ಮುಗಿಯುವ ತನಕ ಏಳುವಂತಿಲ್ಲ. ಅದರಲ್ಲೂ ಹಿರಿ ಅಳಿಯ ಎದ್ದರೆ ಮನೆಯವರ ಮಾನ ಹೋದಂತೆ. ಎದುರು ಸಾಲಿನಲ್ಲಿ ಕಾಂತಾ ಹೋಳಿಗೆ ಮುಟ್ಟದೆ ಹೊಟ್ಟೆ ಅದುಮಿಕೊಂಡಿದ್ದಳು. ಹಣೆಯ ಮೇಲೆ ಬೆವರು. ಏಳಲು ಹೋದಳು. "ಕುಂದರವಾ, ಪಂಕ್ತ್ಯಾಗಿಂದ ಏಳಬಾರದು," ಎಂದು ಅಜ್ಜಿ ಮಾಯಕ್ಕ ಭುಜ ಒತ್ತಿದರು. ಕಾಂತಾ ನನ್ನನ್ನೇ ನೋಡಿದಳು.

ನಾನು ಎದ್ದುಬಿಟ್ಟೆ. ತುಪ್ಪ ಬಡಿಸುತ್ತಿದ್ದ ಕೈ ನಿಂತಿತು.

"ಅಳಿಯಂದ್ರ, ಏನ್ ಕಮ್ಮಿ ಆತ್ರಿ?" ಮಾವನವರ ಮುಖ ಇಳಿಯಿತು.

"ಕಮ್ಮಿ ಏನಿಲ್ರಿ ಮಾಮಾ. ನಂಗ ಕರುಳಿನ ಬ್ಯಾನಿ ಐತಿ. ಸಂಡಾಸಕ್ಕ ಅವಸರಾದ್ರ ತಡಿಯಾಕ ಆಗೂದಿಲ್ಲ. ಅವತ್ತ ಮೈ ಹಿಡದದ್ದೂ ಔಷಧದ ಬಾವು. ಕಾಂತಾ, ಏಳವಾ, ದಾರಿ ತೋರಸು."

ಯಾರೋ ಕಿಸಕ್ಕೆಂದರು. ಕಾಂತಾ ಓಡಿಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಹೊಸ ಮನೆಗೆ ಇರುವುದು ಒಂದೇ ಸಂಡಾಸು. ಕಾಂತಾಳಿಗಾಗಿ ಅವಸರದ ಸುಳ್ಳು ನೆಪ ಹೇಳಿ ಎದ್ದ ನನಗೆ ಅಷ್ಟರಲ್ಲಿ ಖರೇನೇ ಬಂತು. ಬಾಗಿಲ ಹೊರಗೆ ಒಂದು ಕಾಲ ಮೇಲೆ ಕುಣಿಯುತ್ತ ನಿಂತೆ.

ಒಳಗಿನಿಂದ ಸಣ್ಣ ದನಿ ಬಂತು. "ಯಪ್ಪಾ, ರಕ್ತ ಬರಾಕತ್ತೈತಿ. ಭಾಳ ದಿನಾ ಆತು. ನಿಮ್ಹಂಗ ಉಷ್ಣಾ ಇರಬೇಕಂತ ಸಬ್ಜಾ ಕುಡದೆ."

ಕುಣಿಯುವುದು ಬಿಟ್ಟು ಬಾಗಿಲಿಗೆ ಬಾಯಿ ಹಚ್ಚಿದೆ.

"ಉಷ್ಣಾ ಅಲ್ಲವಾ ಅದು. ನಂದೂ ಅಲ್ಲ. ನಾಳೆ ಡಾಕ್ಟರ ಕಡೆ ಹೋಗೂಣು, ಅಂಜಬ್ಯಾಡ, ಔಷಧ ಐತಿ. ನೀ ಸಾವಕಾಶ ಬಾ, ನಂಗೇನ್ ಅವಸರಿಲ್ಲ," ಎಂದು ಹೇಳಿ, ಎರಡೂ ಕೈಯಲ್ಲಿ ಧೋತರ ಹಿಡಿದುಕೊಂಡು ಬಾಜೂ ಮನೆಯವರ ಹಿತ್ತಲಿಗೆ ಓಡಿದೆ.