ದ್ರಾಕ್ಷಿ ತಾತನ ಕಣ್ಣಿನ ಕಸಿ

ತಮಿಳುನಾಡಿನ ತೇನಿಯ ಕಣ್ಣಾಸ್ಪತ್ರೆಯಲ್ಲಿ ನನ್ನ ಕೆಲಸ ಸ್ಕ್ರೀನ್ ನೋಡುವುದು. ಆಪರೇಷನ್ ನಡೆಯುವಾಗಲೇ ಅದು ಕಣ್ಣಿನ ಪದರಗಳನ್ನು, ಅಡ್ಡ ಕೊಯ್ದ ಈರುಳ್ಳಿಯ ಹಾಗೆ, ಒಂದೊಂದಾಗಿ ತೋರಿಸುತ್ತದೆ.

ಅಂದು ಕಂಬಂ ಕಡೆಯ ದ್ರಾಕ್ಷಿ ಬೆಳೆಗಾರ ತಾತನ ಕಣ್ಣಿಗೆ ದಾನಿಯೊಬ್ಬರ ಕಣ್ಣಿನ ತೆಳು ಪದರ ಕಸಿ ಮಾಡಿದ್ದರು. ಮೈಕ್ರೋಸ್ಕೋಪಿನಲ್ಲಿ ಅದು ಅಂಟಿದಂತೆಯೇ ಕಾಣುತ್ತಿತ್ತು. ಮರಗಟ್ಟಿಸಿದ್ದು ಕಣ್ಣನ್ನು ಮಾತ್ರ, ಹಾಗಾಗಿ ಮುಖಕ್ಕೆ ಹೊದಿಸಿದ ಬಟ್ಟೆಯಡಿಯಿಂದ ತಾತ ನಮ್ಮಿಬ್ಬರ ಮನೆಮಾತಾದ ಕನ್ನಡದಲ್ಲೇ ಕೇಳಿದರು: "ನಡುವೆ ಸಂದು ಐತಾ ತಾಯೀ? ಸಂದಿದ್ರೆ ಕಸಿ ಹಿಡಿಯಲ್ಲ."

ಸ್ಕ್ರೀನಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆಯಿತ್ತು. "ಐತೆ ತಾತಾ," ಎಂದೆ. ಪದರ ಒತ್ತಿ ಕೂರಲೆಂದು ಡಾಕ್ಟರ್ ಕಣ್ಣೊಳಗೆ ಇನ್ನಷ್ಟು ಗಾಳಿ ತುಂಬಿದರು, ಗೆರೆ ಮಾಯವಾಯಿತು.

ವಾರ್ಡಿನಲ್ಲಿ, ಅಲ್ಲಾಡದೆ ಅಂಗಾತ ಮಲಗಿರಬೇಕು ಎಂದೆ. "ಕಸಿ ಅಲ್ಲಾಡಬಾರದು ಅಂತ ನಂಗೇ ಹೇಳ್ತೀಯಾ?" ಎನ್ನುತ್ತಾ, ಕಸಿ ಮಾಡಿದ ಬಳ್ಳಿಗೆ ಕಟ್ಟು ಹಾಕುವುದನ್ನು ತೋರಿಸಲು ತಾತ ಎದ್ದೇ ಕೂತರು!

ಕಸಿಯೇನೋ ಹಿಡಿಯಿತು. ಅರ್ಧ ಶ್ರೇಯಸ್ಸು ಸ್ಕ್ರೀನಿಗೆ. ಉಳಿದರ್ಧ, ಅವರನ್ನು ಮತ್ತೆ ಮಲಗಿಸಿ ಭುಜ ಒತ್ತಿ ಹಿಡಿದು ಕೂತ ಹೆಂಡತಿಗೆ.