ಯಲ್ಲಮ್ಮನ ಹುಣಸೆ ನೀರು

ಕೊಟ್ಟಿಗೆಹಾರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಚಾರ್ಮಾಡಿ ಕಡೆಗೆ ಇಳಿಯುವ ಬಸ್ಸಿನ ದೀಪ ಮಂಜಿನಲ್ಲಿ ಮಿನುಗಿ ಮರೆಯಾಗುತ್ತದೆ. ರಸ್ತೆ ಬದಿಯ ಪುಟ್ಟ ಹೋಟೆಲಿನ ಹಿಂಬದಿಯಲ್ಲಿ ಅಡುಗೆಯ ಯಲ್ಲಮ್ಮ ಬಾಳೆಹೂವು ಬಿಡಿಸುತ್ತಾ ಕೂತಿದ್ದಾರೆ. ಹೆಚ್ಚಿದ ಹೂವು ಕಪ್ಪಾಗದಿರಲೆಂದು ಪಕ್ಕದ ಪಾತ್ರೆಯಲ್ಲಿ ಹುಣಸೆ ನೀರು ಕಲಸಿಟ್ಟಿದ್ದಾರೆ. ಅದರಿಂದ ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ನೆಕ್ಕುತ್ತಾರೆ. ಹುಣಸೆ ಹುಳಿಯೇ, ಬೇರೇನಲ್ಲ. ಆದರೂ ಸಮಾಧಾನವಿಲ್ಲ, ಪಾತ್ರೆಯನ್ನೊಮ್ಮೆ ಮೂಸಿ ನೋಡುತ್ತಾರೆ.

“ಇವತ್ತು ಶನಿವಾರ ಅಲ್ವ, ಹಾಲು ಬಿಟ್ಟವ್ರು ಬರೋ ದಿನ. ಎದ್ದಾಗಿಂದ ಎದೆ ಢವಢವ ಅಂತಿದೆ” ಎನ್ನುತ್ತಾರೆ.

ಹಾಲು ಬಿಟ್ಟವರೆಂದರೆ ಮೂಡಿಗೆರೆಯ ಗಾನಶ್ರೀ ಮತ್ತು ಅವರ ಜೊತೆ ಬೆಟ್ಟ ಹತ್ತಲು ಬರುವ ಗೆಳೆಯರು. ಹಾಲು, ಮೊಸರು, ತುಪ್ಪ, ಜೇನು ಯಾವುದನ್ನೂ ಮುಟ್ಟದ ವೀಗನ್‌ಗಳು. ಕರುವಿನ ಪಾಲಿನದು ನಮಗೆ ಬೇಡ ಎಂದು ಬಿಟ್ಟವರು. ‘ತುಪ್ಪ ಹಾಕದಿದ್ದರಾಯಿತಪ್ಪ, ಅದೇನು ಮಹಾ’ ಎನ್ನುವವರು ಒಂದು ದಿನ ಈ ಒಲೆಯ ಮುಂದೆ ನಿಂತು ನೋಡಲಿ. ಸಾರು ಇಳಿಸಿದ ಕೂಡಲೇ ಕೈ ತಾನಾಗಿ ತುಪ್ಪದ ಡಬ್ಬಿಗೆ ಹೋಗುತ್ತದೆ. ಬಡಿಸಿದ ಅನ್ನಕ್ಕೆ ತುಪ್ಪ ಬೀಳದಿದ್ದರೆ ಉಂಡವರಿಗೆ ಅವಮಾನ ಮಾಡಿದಂತೆ ಎಂದು ಕಲಿತ ಕೈ ಅದು!

ಯಲ್ಲಮ್ಮ ಬಣಕಲ್ ಹತ್ತಿರದ ಎಸ್ಟೇಟಿನಲ್ಲಿ, ಕೂಲಿಯಾಳುಗಳ ಲೈನ್ ಮನೆಯಲ್ಲಿ ಬೆಳೆದವರು. ಮದುವೆಯಾದ ಮೇಲೂ ಗಂಡ ನಿಂಗಯ್ಯನ ಜೊತೆ ಅಲ್ಲೇ ಕಾಫಿ ಹಣ್ಣು ಕೊಯ್ದರು. ಒಂದು ಮಳೆಗಾಲ ಇಳಿಜಾರಿನಲ್ಲಿ ಜಾರಿ ಬಿದ್ದು ಸೊಂಟ ಹಿಡಿದ ಮೇಲೆ ಗುಡ್ಡ ಹತ್ತುವುದು ಆಗಲಿಲ್ಲ, ಈ ಅಡುಗೆಮನೆ ಸೇರಿದರು. ರಜಾದಿನಗಳಲ್ಲಿ ಐವತ್ತು ಅರವತ್ತು ಊಟ ಒಬ್ಬರೇ ಇಳಿಸುತ್ತಾರೆ. ಹೊರಗೆ ಉಂಡು ಕೈ ತೊಳೆಯುವವರಿಗೆ ಅವರ ಮುಖವೇ ಗೊತ್ತಿಲ್ಲ.

“ಲೈನಲ್ಲಿ ನಾವು ಹಾಲಿಲ್ದೆ ಬೆಲ್ಲದ ಕಾಪಿ ಕುಡ್ಕೊಂಡೇ ದೊಡ್ಡವ್ರಾಗಿದ್ದು. ಅದಕ್ಕೂ ಒಂದು ಇಂಗ್ಲಿಷ್ ಹೆಸ್ರಿದೆ ಅಂತ ಯಾರಿಗ್ ಗೊತ್ತಿತ್ತು ಮಾರಾಯ್ರೆ!” ನಗುತ್ತಾರೆ. ಆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ಭಯಕ್ಕೆ ಕಾರಣವಿದೆ. ಗಾನಶ್ರೀಯವರ ಗುಂಪು ಮೊದಲ ಸಲ ಬಂದ ದಿನ ಯಲ್ಲಮ್ಮ ತುಪ್ಪದ ಡಬ್ಬಿಯನ್ನೇ ಅಟ್ಟದ ಮೇಲಿಟ್ಟಿದ್ದರು. ಎಲ್ಲ ಸರಿಯಾಗಿತ್ತು. ಬಾಳೆಹೂವಿನ ಪಲ್ಯ ಎಲೆಗೆ ಬಿದ್ದಿತ್ತು. ಆಗ ಪಾತ್ರೆ ತೊಳೆಯಲು ಕೂತ ಯಲ್ಲಮ್ಮನಿಗೆ ನೆನಪಾಯಿತು: ಹೂವು ನೆನೆದದ್ದು ಮಜ್ಜಿಗೆ ನೀರಿನಲ್ಲಿ! ಅವರ ಅಜ್ಜಿ, ಅಮ್ಮ ಎಲ್ಲರೂ ಹಾಗೇ ನೆನೆಹಾಕಿದವರು. ಅದು ಅಡುಗೆಯ ಲೆಕ್ಕಕ್ಕೇ ಬಂದಿರಲಿಲ್ಲ. ಎದ್ದು ಹೋಗಿ ಯಜಮಾನರ ಕಿವಿಗೆ ಹಾಕಿದರು.

ಹೋಟೆಲಿನ ಯಜಮಾನ ಸೋಮಶೇಖರಪ್ಪನವರು ಪಿಸುಗುಟ್ಟಿದರು: “ಹಿಂಡಿ ತೊಳ್ದಿದೀಯಲ್ಲ, ಯಾರಿಗ್ ಗೊತ್ತಾಗತ್ತೆ? ಸುಮ್ನಿರು ಮಾರಾಯ್ತಿ.”

ಅವರೇನು ಕೆಟ್ಟವರಲ್ಲ, ಬಂದ ಗಿರಾಕಿ ಎದ್ದು ಹೋದಾರೆಂಬ ಹೆದರಿಕೆ. ಆದರೆ ಯಲ್ಲಮ್ಮನಿಗೆ ಸುಮ್ಮನಿರಲಾಗಲಿಲ್ಲ. “ನಮ್ಮನೆಲೂ ಸೋಮವಾರ ಮೀನು ಮುಟ್ಟಲ್ಲ. ಯಾರಾದ್ರೂ ಗೊತ್ತಿಲ್ದಂಗೆ ತಿನ್ಸಿದ್ರೆ ನಂಗೆ ಹೆಂಗಾಗತ್ತೆ? ಅದೇ ತಲೆಲಿ ಬಂತು” ಎನ್ನುತ್ತಾರೆ. ಒದ್ದೆ ಕೈಯಲ್ಲೇ ಹೊರಗೆ ಓಡಿದರು. ಅಷ್ಟರಲ್ಲಿ ಗಾನಶ್ರೀ ಒಂದು ತುತ್ತು ನುಂಗಿಯಾಗಿತ್ತು.

“ಅಮ್ಮಾ, ಪಲ್ಯ ತಿನ್ಬೇಡಿ. ಮಜ್ಜಿಗೆ ನೀರಲ್ಲಿ ನೆನ್ಸಿದ್ದು. ನಂದೇ ತಪ್ಪು.”

ಮೇಜಿನ ಸುತ್ತ ಎಲ್ಲರ ಕೈ ನಿಂತಿತು. ಗಾನಶ್ರೀಯವರ ಮುಖ ಕೆಂಪಾಯಿತು, ಕಣ್ಣಲ್ಲಿ ನೀರೂ ಬಂತು. ಕೊನೆಗೆ ಪಲ್ಯವನ್ನು ಎಲೆಯ ಅಂಚಿಗೆ ಸರಿಸಿ ಕೇಳಿದರು: “ಸಾರು ಉಣ್ಬಹುದಾ?”

“ಉಣ್ಣಿ, ಅದಕ್ಕೆ ಎಣ್ಣೆ ಒಗ್ಗರಣೆ.”

ಅಂದಿನಿಂದ ಪ್ರತಿ ಶನಿವಾರ ಹುಣಸೆ ನೀರು, ಬೇರೆ ಸೌಟು, ಬೇರೆ ಕಾವಲಿ. ಪ್ರತಿ ಶನಿವಾರ ಗಾನಶ್ರೀ ಅಡುಗೆಮನೆ ಬಾಗಿಲಿಗೆ ಬಂದು ಒಂದೊಂದನ್ನೇ ಕೇಳುತ್ತಾರೆ, ಯಲ್ಲಮ್ಮ ಉತ್ತರಿಸುತ್ತಾರೆ. ಆಮೇಲೇ ಊಟ.

ಮಧ್ಯಾಹ್ನ ಜೀಪು ನಿಲ್ಲುತ್ತದೆ. ಯಲ್ಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಲ್ಲಿ ಸಿದ್ಧವಾಗಿ ನಿಲ್ಲುತ್ತಾರೆ. ಗಾನಶ್ರೀ ಇಂದು ಬಾಗಿಲಿಗೆ ಬರುವುದೇ ಇಲ್ಲ. ನೇರ ಎಲೆಯ ಮುಂದೆ ಕೂತು, ಗೆಳತಿಯೊಡನೆ ಮಾತಾಡುತ್ತಲೇ, ಬಾಳೆಹೂವಿನ ಪಲ್ಯಕ್ಕೆ ಕೈ ಹಾಕುತ್ತಾರೆ.

ಯಲ್ಲಮ್ಮ ಒಳಗೆ ಓಡಿ ಮತ್ತೆ ಆ ಪಾತ್ರೆ ಮೂಸುತ್ತಾರೆ. ಖುಷಿಯಾಗಲಿಲ್ಲವೇ ಎಂದರೆ ಕಣ್ಣೊರೆಸಿಕೊಳ್ಳುತ್ತಾರೆ.

“ಆಯ್ತು, ಯಾಕಾಗಲ್ಲ? ಆದ್ರೆ ಕೇಳಿ ಉಂಡ್ರೆ ಅರ್ಧ ಭಾರ ಅವ್ರದ್ದು. ಕೇಳ್ದೆ ಉಂಡ್ರೆ ಪೂರಾ ನಂದೇ ಅಲ್ವ?”